ಚರ್ಮಕ್ಕೆ ಮುಲಾಮು: ಹಚ್ಚುವ ಮುನ್ನ

"ತುರಿಕಿಗೆ ಒಂದು ಟ್ಯೂಬ್ ಕೊಡ್ರಿ."

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಔಷಧ ಅಂಗಡಿಗಳಲ್ಲಿ ದಿನವೂ ಕೇಳಿಬರುವ ಮಾತಿದು. ಕೇಳುವವನು ಹಾಸ್ಟೆಲಿನ ವಿದ್ಯಾರ್ಥಿಯಾಗಿರಬಹುದು, ಮಗ್ಗದಿಂದ ಎದ್ದು ಬಂದ ನೇಕಾರನಾಗಿರಬಹುದು, ಕಬ್ಬಿನ ಹೊಲದಿಂದ ಮನೆಗೆ ಹೊರಟ ರೈತನಾಗಿರಬಹುದು. ತುರಿಕೆ ಎಲ್ಲಿದೆ, ಎಷ್ಟು ದಿನದಿಂದ ಇದೆ, ಮನೆಯಲ್ಲಿ ಬೇರೆಯವರಿಗೂ ಇದೆಯೇ ಎಂಬ ವಿಚಾರಣೆ ಹೆಚ್ಚಾಗಿ ನಡೆಯುವುದಿಲ್ಲ. ಕೆಲವೇ ರೂಪಾಯಿಗೆ ಟ್ಯೂಬ್ ಕೈಗೆ ಬರುತ್ತದೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ. "ಛಲೋ ಔಷಧ ಐತಿ" ಎಂದು ಅದೇ ಟ್ಯೂಬ್ ಅಣ್ಣನಿಂದ ತಮ್ಮನಿಗೆ, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸಾಗುತ್ತದೆ.

ಹದಿನೈದು ದಿನ ಕಳೆದ ಮೇಲೆ ತುರಿಕೆ ಮರಳಿ ಬರುತ್ತದೆ. ಈ ಸಲ ಕಲೆ ಮೊದಲಿಗಿಂತ ಅಗಲವಾಗಿರುತ್ತದೆ. ಮತ್ತೆ ಅದೇ ಟ್ಯೂಬ್. ಹೀಗೆ ಆರು ತಿಂಗಳು, ವರ್ಷ ಕಳೆದು ಚರ್ಮರೋಗ ತಜ್ಞರ ಬಳಿ ಹೋಗುವ ಹೊತ್ತಿಗೆ ಮೂಲ ರೋಗ ಯಾವುದಿತ್ತು ಎಂದು ಗುರುತಿಸುವುದೇ ಕಷ್ಟವಾಗಿರುತ್ತದೆ.

ನುಂಗುವ ಗುಳಿಗೆಗೆ ಹೆದರುವ ಜನ ಹಚ್ಚುವ ಮುಲಾಮಿಗೆ ಹೆದರುವುದಿಲ್ಲ. ಹೊರಗೆ ಹಚ್ಚುವುದು ತಾನೆ, ಒಳಗೆ ಏನು ಮಾಡೀತು ಎಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪು. ಚರ್ಮ ದೇಹದ ಅತಿ ದೊಡ್ಡ ಅಂಗಗಳಲ್ಲಿ ಒಂದು. ಹಚ್ಚಿದ ಔಷಧದ ಒಂದಂಶವನ್ನು ಅದು ಒಳಗೆ ಬಿಟ್ಟುಕೊಳ್ಳುತ್ತದೆ.

ಈ ಸೀಮೆಯಲ್ಲಿ ತುರಿಕೆಗೆ ಕಾರಣಗಳು

ಕೃಷ್ಣೆ, ಘಟಪ್ರಭೆಯರ ನೀರಿನಿಂದ ಕಬ್ಬು ಬೆಳೆಯುವ ಈ ತಾಲ್ಲೂಕುಗಳಲ್ಲಿ ಬೇಸಿಗೆಯ ಬಿಸಿಲು ಕಠಿಣ, ಬೆವರು ಬಹಳ. ಬೆವರು ಆರದ ತೊಡೆಸಂದು, ಕಂಕುಳು, ಸೊಂಟಪಟ್ಟಿಯ ಜಾಗಗಳಲ್ಲಿ ಶಿಲೀಂಧ್ರ ಬೆಳೆದು ಗಜಕರ್ಣವಾಗುತ್ತದೆ. ದಕ್ಷಿಣದ ಜಿಲ್ಲೆಗಳಲ್ಲಿ ಇದನ್ನೇ ಹುಳುಕಡ್ಡಿ ಎನ್ನುತ್ತಾರೆ. ಹೆಸರಿನಲ್ಲಿ ಹುಳುವಿದ್ದರೂ ರೋಗದಲ್ಲಿ ಹುಳುವಿಲ್ಲ. ಬಿಗಿಯಾದ ಜೀನ್ಸ್ ಪ್ಯಾಂಟು, ಪೂರ್ತಿ ಒಣಗದ ಒಳಉಡುಪು, ನಾಲ್ವರು ಬಳಸುವ ಒಂದೇ ಟವೆಲ್ಲು ಇದಕ್ಕೆ ಅನುಕೂಲ ಮಾಡಿಕೊಡುತ್ತವೆ.

ಕಬ್ಬು ಕಡಿಯುವವರಿಗೆ, ರವದಿ ಹೊರುವವರಿಗೆ ಎಲೆಯ ಸುಂಕು ಚುಚ್ಚಿ ಕೈಕಾಲು ಕೆರೆತ ಬರುತ್ತದೆ. ಹೊಲದ ಬದುವಿನಲ್ಲಿ, ಶಾಲೆಯ ಬಯಲಿನಲ್ಲಿ ಬೆಳೆಯುವ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಕೆಲವರಿಗೆ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಒರಟಾದ ಇಸಬು ತರುತ್ತದೆ. ಈ ಕಸ ನಮ್ಮ ದೇಶದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 1950ರ ದಶಕದ ನಡುವೆ, ಪುಣೆಯ ಹತ್ತಿರ. ಅದರ ಒಣಗಿದ ಕಣಗಳು ಗಾಳಿಯಲ್ಲಿ ಹಾರಿ ಬಂದು ಮೈಮೇಲೆ ಕೂಡುತ್ತವೆ. ಆದ್ದರಿಂದ ಗಿಡವನ್ನು ಮುಟ್ಟದವರಿಗೂ ತೊಂದರೆಯಾಗುತ್ತದೆ.

ರಬಕವಿ-ಬನಹಟ್ಟಿಯ ನೇಕಾರರ ಕಷ್ಟ ಬೇರೆ. ನೂಲಿಗೆ ಬಣ್ಣ ಹಾಕುವವರ ಕೈ ದಿನವಿಡೀ ಬಣ್ಣದ ನೀರಿನಲ್ಲಿ, ಕಾಸ್ಟಿಕ್ ಸೋಡಾದಂಥ ಕ್ಷಾರದಲ್ಲಿ ಮುಳುಗಿರುತ್ತದೆ. ಚರ್ಮದ ಮೇಲಿನ ಜಿಡ್ಡು ತೊಳೆದುಹೋಗಿ ಬಿರುಕು ಬೀಳುತ್ತದೆ. ಬಣ್ಣದ ಕಲೆ ತೆಗೆಯಲೆಂದು ಬ್ಲೀಚಿಂಗ್ ಪುಡಿಯಿಂದ ಕೈ ತಿಕ್ಕಿಕೊಂಡರಂತೂ ಗಾಯದ ಮೇಲೆ ಬರೆ ಎಳೆದಂತೆ.

ಹೀಗೆ ತುರಿಕೆ ಒಂದೇ ಆದರೂ ಕಾರಣ ನಾಲ್ಕಾರು. ಗಜಕರ್ಣಕ್ಕೆ ಬೇಕಾದ ಔಷಧ ಇಸಬಿಗೆ ಸಲ್ಲದು, ಇಸಬಿನ ಔಷಧ ಗಜಕರ್ಣವನ್ನು ಹೆಚ್ಚಿಸುತ್ತದೆ, ಕಜ್ಜಿಗೆ ಇವೆರಡೂ ಉಪಯೋಗವಿಲ್ಲ. "ತುರಿಕೆಯ ಟ್ಯೂಬ್" ಎಂಬ ಒಂದು ಔಷಧ ಲೋಕದಲ್ಲೇ ಇಲ್ಲ.

ಟ್ಯೂಬಿನೊಳಗೆ ಏನಿದೆ?

ಅಂಗಡಿಯಲ್ಲಿ ಸಿಗುವ ಮುಲಾಮುಗಳನ್ನು ಸ್ಥೂಲವಾಗಿ ಐದು ಗುಂಪು ಮಾಡಬಹುದು. ಶಿಲೀಂಧ್ರ ನಾಶಕಗಳು ಮೊದಲನೆಯವು. ಕ್ಲೊಟ್ರಿಮಾಝೋಲ್, ಲುಲಿಕೊನಝೋಲ್, ಟರ್ಬಿನಾಫಿನ್ ಈ ಗುಂಪಿನವು. ಬೆಂಜೊಯಿಕ್ ಆಮ್ಲ ಮತ್ತು ಸ್ಯಾಲಿಸಿಲಿಕ್ ಆಮ್ಲ ಸೇರಿದ ವ್ಹಿಟ್‌ಫೀಲ್ಡ್ ಮುಲಾಮು ಇದೇ ಕೆಲಸದ ಹಳೆಯ ಔಷಧ. ಎರಡನೆಯವು ಬ್ಯಾಕ್ಟೀರಿಯಾ ನಾಶಕಗಳು. ಕೀವುಗುಳ್ಳೆಗಳಿಗೆ ಕೊಡುವ ಮ್ಯುಪಿರೊಸಿನ್, ಫ್ಯೂಸಿಡಿಕ್ ಆಮ್ಲ ಇವಕ್ಕೆ ಉದಾಹರಣೆ. ಮೂರನೆಯದು ಕಜ್ಜಿಯ ಔಷಧ ಪರ್ಮೆಥ್ರಿನ್. ನಾಲ್ಕನೆಯವು ಚರ್ಮವನ್ನು ಮೆದುವಾಗಿಡುವ ಪೆಟ್ರೋಲಿಯಂ ಜೆಲ್ಲಿ, ಗ್ಲಿಸರಿನ್ ಮೊದಲಾದವು. ಐದನೆಯವು ಸ್ಟೀರಾಯ್ಡ್‌ಗಳು.

ಗೊಂದಲ ಹುಟ್ಟುವುದು ಇವುಗಳನ್ನು ಬೆರೆಸಿದಾಗ. ಒಂದು ಸ್ಟೀರಾಯ್ಡ್, ಒಂದು ಶಿಲೀಂಧ್ರ ನಾಶಕ, ಒಂದು ಬ್ಯಾಕ್ಟೀರಿಯಾ ನಾಶಕ ಸೇರಿಸಿದ ಮಿಶ್ರಣಗಳು ನಮ್ಮ ದೇಶದಲ್ಲಿ ಬಹಳ ಮಾರಾಟವಾಗಿವೆ. ಯಾವ ರೋಗವಿದ್ದರೂ ಮೂರರಲ್ಲಿ ಒಂದು ತಾಗುತ್ತದೆ ಎಂಬ ಲೆಕ್ಕಾಚಾರ. ಗಜಕರ್ಣಕ್ಕೆ ಇದನ್ನು ಹಚ್ಚುವುದೆಂದರೆ ಹೊಲದಲ್ಲಿ ಕಸ ಕೀಳುತ್ತಲೇ ಕಸಕ್ಕೆ ಗೊಬ್ಬರ ಹಾಕಿದಂತೆ. 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ನಿಷೇಧಿಸಿದ 328 ಮಿಶ್ರ ಔಷಧಗಳಲ್ಲಿ ಇಂಥ ಹಲವು ಚರ್ಮದ ಮುಲಾಮುಗಳೂ ಇದ್ದವು.

ಸ್ಟೀರಾಯ್ಡ್ ಇದೆಯೇ ಎಂದು ತಿಳಿಯಲು ಟ್ಯೂಬಿನ ಮೇಲಿನ ದೊಡ್ಡ ಹೆಸರನ್ನು ನೋಡಬಾರದು. ಅದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಬೇಕು. ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್, ಹೈಡ್ರೊಕಾರ್ಟಿಸೋನ್ ಎಂದು 'ಸೋನ್' ಕೊನೆಗಿದ್ದರೆ, ಫ್ಲೂಸಿನೊಲೋನ್, ಟ್ರಯಾಮ್ಸಿನೊಲೋನ್ ಎಂದು 'ಲೋನ್' ಕೊನೆಗಿದ್ದರೆ ಅದು ಸ್ಟೀರಾಯ್ಡ್ ಇರಬಹುದೆಂದು ಎಚ್ಚರವಾಗಬೇಕು. ಕ್ಲೊಬೆಟಾಸೋಲ್ ಎಂಬ ಹೆಸರನ್ನು ಮಾತ್ರ ಮತ್ತೊಮ್ಮೆ ಓದಬೇಕು. ಕಿವಿಗೆ ಅದು ಕ್ಲೊಟ್ರಿಮಾಝೋಲ್‌ನ ಹಾಗೆಯೇ ಕೇಳುತ್ತದೆ. ಎರಡನೆಯದು ಗಜಕರ್ಣದ ಔಷಧ, ಮೊದಲನೆಯದು ಸ್ಟೀರಾಯ್ಡ್‌ಗಳಲ್ಲಿ ಅತಿ ಪ್ರಬಲವಾದದ್ದು. ಇಂಗ್ಲಿಷ್ ಓದಬಲ್ಲ ವಿದ್ಯಾರ್ಥಿಗಳು ಮನೆಯಲ್ಲಿರುವ ಟ್ಯೂಬುಗಳನ್ನೆಲ್ಲ ಒಂದು ಸಲ ತೆಗೆದು ನೋಡಿದರೆ ಮನೆಮಂದಿಗೆ ದೊಡ್ಡ ಉಪಕಾರ.

ಸ್ಟೀರಾಯ್ಡ್: ಸ್ನೇಹಿತ ಯಾವಾಗ, ಶತ್ರು ಯಾವಾಗ

ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯ ಹಾರ್ಮೋನುಗಳ ಸಂಶೋಧನೆಗೆ ಕೆಂಡಾಲ್, ರೈಕ್‌ಸ್ಟೈನ್ ಮತ್ತು ಹೆಂಚ್ ಅವರಿಗೆ 1950ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1952ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೊಕಾರ್ಟಿಸೋನನ್ನು ಮುಲಾಮಿನ ರೂಪದಲ್ಲಿ ಇಸಬಿಗೆ ಹಚ್ಚಿ ಗುಣ ಕಂಡರು. ಅಲ್ಲಿಂದ ಚರ್ಮವೈದ್ಯದ ದಾರಿಯೇ ಬದಲಾಯಿತು. ಅದಕ್ಕೂ ಮುಂಚೆ ತೀವ್ರ ಇಸಬು ಇದ್ದವರಿಗೆ ಟಾರಿನಂಥ ಲೇಪಗಳೇ ಗತಿಯಾಗಿದ್ದವು.

ಆದ್ದರಿಂದ ಸ್ಟೀರಾಯ್ಡ್ ವಿಷವಲ್ಲ. ಉರಿ, ಕೆಂಪು, ತುರಿಕೆಗಳನ್ನು ಅದು ಬೇಗ ಇಳಿಸುತ್ತದೆ. ಇಸಬು, ಸೋರಿಯಾಸಿಸ್ ಇದ್ದವರಿಗೆ ವೈದ್ಯರು ಬರೆದುಕೊಟ್ಟಾಗ, ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಲೇಬೇಕು. "ಸ್ಟೀರಾಯ್ಡ್ ಅಂತ, ಬ್ಯಾಡ" ಎಂದು ಹೆದರಿ ಮಗುವಿನ ಇಸಬನ್ನು ಹಾಗೇ ಬಿಟ್ಟು ರಾತ್ರಿಯೆಲ್ಲ ಕೆರೆದುಕೊಳ್ಳಲು ಬಿಡುವುದೂ ತಪ್ಪೇ.

ಆದರೆ ಸ್ಟೀರಾಯ್ಡ್ ಉರಿಯನ್ನು ಇಳಿಸುವುದು ಚರ್ಮದ ಕಾವಲುಪಡೆಯನ್ನು ಮಲಗಿಸುವ ಮೂಲಕ. ಕಾವಲು ಮಲಗಿದಾಗ ಶಿಲೀಂಧ್ರಕ್ಕೆ ಹಬ್ಬ. ಮೇಲೆ ತುರಿಕೆ ಇಲ್ಲ, ಕೆಂಪು ಇಲ್ಲ, ಒಳಗೊಳಗೇ ರೋಗ ಹರಡುತ್ತದೆ. ಗಜಕರ್ಣದ ಉಂಗುರದಂಥ ಅಂಚು ಅಳಿಸಿಹೋಗಿ ಅದು ಬೇರೆ ಏನೋ ರೋಗದಂತೆ ಕಾಣುತ್ತದೆ. 1968ರಲ್ಲಿ ಐವ್ ಮತ್ತು ಮಾರ್ಕ್ಸ್ ಎಂಬ ಬ್ರಿಟಿಷ್ ವೈದ್ಯರು ಈ ವೇಷ ಮರೆಸಿದ ಗಜಕರ್ಣವನ್ನು ವಿವರಿಸಿ ಹೆಸರಿಟ್ಟರು.

ಎಲ್ಲಿ ಹಚ್ಚಲಾಗುತ್ತದೆ ಎಂಬುದೂ ಮುಖ್ಯ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ವಿಜ್ಞಾನಿಗಳು ದೇಹದ ಬೇರೆ ಬೇರೆ ಭಾಗಕ್ಕೆ ಹೈಡ್ರೊಕಾರ್ಟಿಸೋನ್ ಹಚ್ಚಿ ಅದು ಎಷ್ಟು ಒಳಗೆ ಹೋಗುತ್ತದೆ ಎಂದು ಅಳೆದರು. ಮುಂಗೈಯ ಚರ್ಮ ಹೀರುವುದನ್ನು ಒಂದು ಪಾಲು ಎಂದುಕೊಂಡರೆ ಹಣೆ ಆರು ಪಾಲು, ದವಡೆಯ ಮೂಲೆ 13 ಪಾಲು, ವೃಷಣದ ಚರ್ಮ 42 ಪಾಲು ಹೀರಿತು. ಅಂಗಾಲು ಹೀರಿದ್ದು ಏಳನೆಯ ಒಂದು ಪಾಲು ಮಾತ್ರ. ಬಿರುಕುಬಿಟ್ಟ ಅಂಗಾಲಿಗೆ ಬರೆದುಕೊಟ್ಟ ಪ್ರಬಲ ಮುಲಾಮನ್ನು ತೊಡೆಸಂದಿಗೋ ಮುಖಕ್ಕೋ ಹಚ್ಚಿದರೆ ಏನಾದೀತು ಎಂಬುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ.

ತೊಡೆಸಂದಿಗೆ ತಿಂಗಳುಗಟ್ಟಲೆ ಹಚ್ಚಿದ ಹುಡುಗರಲ್ಲಿ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿರುವಂಥ ಅಗಲವಾದ ಸೀಳುಗೆರೆಗಳು ಬೀಳುತ್ತವೆ. ರೋಗ ವಾಸಿಯಾದ ಮೇಲೂ ಆ ಗೆರೆಗಳು ಪೂರ್ತಿ ಹೋಗುವುದಿಲ್ಲ. ಕಣ್ಣಿನ ಸುತ್ತ ಹಚ್ಚುತ್ತಾ ಹೋದರೆ ಕಣ್ಣಿನ ಒತ್ತಡ ಹೆಚ್ಚಿ ದೃಷ್ಟಿಗೇ ಅಪಾಯ ಬರಬಹುದು. ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು. ಪ್ರಬಲ ಸ್ಟೀರಾಯ್ಡ್ ಬಹುಕಾಲ ಹಚ್ಚಿದರೆ ಅದು ರಕ್ತಕ್ಕೆ ಸೇರಿ ಮುಖ ಊದಿಕೊಳ್ಳುವುದು, ಬೆಳವಣಿಗೆ ಕುಂಠಿತವಾಗುವುದು ಉಂಟು. ಪ್ಲಾಸ್ಟಿಕ್ ಹೊದಿಕೆಯ ಡೈಪರಿನ ಕೆಳಗೆ ಹಚ್ಚಿದರೆ ಔಷಧ ಇನ್ನಷ್ಟು ಒಳಗಿಳಿಯುತ್ತದೆ.

ಗಜಕರ್ಣ ಬಗ್ಗದೆ ನಿಂತಾಗ

ಹಿಂದೆಲ್ಲ ಮೂರು ವಾರ ಮುಲಾಮು ಹಚ್ಚಿದರೆ ಗಜಕರ್ಣ ಹೋಗುತ್ತಿತ್ತು. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ದೇಶದಾದ್ಯಂತ ಚರ್ಮತಜ್ಞರು ಬೇರೆಯ ಚಿತ್ರ ಕಾಣುತ್ತಿದ್ದಾರೆ. ರೋಗ ಮೈಯೆಲ್ಲ ಹಬ್ಬುತ್ತದೆ, ಮನೆಮಂದಿಗೆಲ್ಲ ಅಂಟುತ್ತದೆ, ಟರ್ಬಿನಾಫಿನ್‌ಗೆ ಹಲವು ಸಲ ಬಗ್ಗುವುದಿಲ್ಲ. ಇದಕ್ಕೆ ಕಾರಣವಾದ ಶಿಲೀಂಧ್ರಕ್ಕೆ ಜಪಾನಿನ ಸಂಶೋಧಕರು 2020ರಲ್ಲಿ ಟ್ರೈಕೊಫೈಟನ್ ಇಂಡೊಟಿನಿಯೇ ಎಂದು ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ. 2023ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲೂ ಇದು ವರದಿಯಾಯಿತು. ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳ ಮನಸೋ ಇಚ್ಛೆ ಬಳಕೆ ಈ ಹರಡುವಿಕೆಗೆ ಒಂದು ದೊಡ್ಡ ಕಾರಣವೆಂದು ತಜ್ಞರ ಅಭಿಪ್ರಾಯ.

ಇಂಥ ಗಜಕರ್ಣಕ್ಕೆ ಅಂಗಡಿಯ ಟ್ಯೂಬ್ ಸಾಲದು. ವೈದ್ಯರು ಕೆರೆದ ಹೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನುಂಗುವ ಗುಳಿಗೆ ಸೇರಿಸಿ ವಾರಗಟ್ಟಲೆ ಚಿಕಿತ್ಸೆ ಕೊಡಬೇಕಾಗುತ್ತದೆ. ಕಲೆ ಮಾಯವಾದ ಕೂಡಲೇ ಔಷಧ ಬಿಡಬಾರದು. ಮೇಲೆ ಕಾಣದಿದ್ದರೂ ಶಿಲೀಂಧ್ರ ಇನ್ನೂ ಉಳಿದಿರುತ್ತದೆ. ಮುಲಾಮನ್ನು ಕಲೆಯ ಮೇಲಷ್ಟೇ ಅಲ್ಲ, ಅದರ ಅಂಚಿನಿಂದ ಎರಡು ಬೆರಳು ಆಚೆಯವರೆಗೂ ಹೊರಗಿನಿಂದ ಒಳಗೆ ಹಚ್ಚಬೇಕು. ಬಟ್ಟೆ, ಟವೆಲ್ಲು, ಹಾಸಿಗೆಯ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಈ ಸೀಮೆಯಲ್ಲಿ ಬಿಸಿಲಿಗೇನೂ ಬರವಿಲ್ಲ. ಒಳಉಡುಪನ್ನು ನಾಚಿಕೆಯಿಂದ ಕೋಣೆಯ ಮೂಲೆಯಲ್ಲಿ ಒಣಹಾಕುವ ರೂಢಿಯನ್ನು ಮಾತ್ರ ಬಿಡಬೇಕು.

ಬೆಳ್ಳಗಾಗುವ ಆಸೆ

ಹದಿಹರೆಯದವರ ಮುಖದ ಕಥೆ ಇನ್ನೊಂದು. ಮೊಡವೆಗೆ ಗೆಳತಿ ಕೊಟ್ಟ ಕ್ರೀಮು, ಮದುವೆಯ ಮುಂಚೆ ಬಣ್ಣ ತಿಳಿಯಾಗಲೆಂದು ತಂದ ಕ್ರೀಮು, ಗಡ್ಡ ಕೆರೆದ ಮೇಲೆ ಹಚ್ಚಿಕೊಳ್ಳುವ ಕ್ರೀಮು ಎಂದು ಸ್ಟೀರಾಯ್ಡ್ ಮುಖಕ್ಕೆ ಬರುವ ದಾರಿ ಹಲವು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಶದ 12 ಕೇಂದ್ರಗಳ ಚರ್ಮತಜ್ಞರು ಮುಖದ ತೊಂದರೆಯಿಂದ ಬಂದ 2926 ಮಂದಿಯನ್ನು ವಿಚಾರಿಸಿದರು. ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಆ 433 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನು ಹಚ್ಚಲು ಹೇಳಿದವರು ವೈದ್ಯರಲ್ಲ.

ಮೊದಲ ಕೆಲವು ದಿನ ಮುಖ ನುಣುಪಾಗಿ, ತಿಳಿಯಾಗಿ ಕಾಣುತ್ತದೆ. ಅದೇ ಮೋಸ. ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ, ಮೊಡವೆಯಂಥ ಗುಳ್ಳೆ ಏಳುತ್ತವೆ, ಬಿಸಿಲಿಗೆ ಹೋಗಲಾಗುವುದಿಲ್ಲ. ಹಚ್ಚಿದರೆ ಶಮನ. ಹೀಗೆ ಮುಖವೇ ಆ ಕ್ರೀಮಿಗೆ ದಾಸನಾಗುತ್ತದೆ. ಹೆಣ್ಣುಮಕ್ಕಳ ಮುಖದಲ್ಲಿ ಕೂದಲು ಬೆಳೆಯುವುದೂ ಉಂಟು. ಇಂಥ ಸ್ಥಿತಿಯಲ್ಲಿರುವವರು ಹೆದರಿ ಒಮ್ಮೆಲೇ ಏನೇನೋ ಬದಲಿಸದೆ ಚರ್ಮತಜ್ಞರ ಬಳಿ ಹೋಗಬೇಕು. ಬಿಡಿಸುವ ಕ್ರಮ ಅವರಿಗೆ ಗೊತ್ತಿದೆ. ತಿಂಗಳುಗಳು ಹಿಡಿದರೂ ಹೆಚ್ಚಿನವರು ಸುಧಾರಿಸುತ್ತಾರೆ.

ಲೇಬಲ್ ಇಲ್ಲದ, ತಯಾರಕರ ವಿಳಾಸವಿಲ್ಲದ ಬೆಳ್ಳಗಾಗುವ ಕ್ರೀಮುಗಳು ಇನ್ನೂ ಕೆಟ್ಟವು. ಅವುಗಳಲ್ಲಿ ಪಾದರಸ ಇರುವ ಸಂಭವವುಂಟು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಬಳಸಿದ ಕೆಲವರಿಗೆ ಮೂತ್ರಪಿಂಡದ ರೋಗ ಬಂದದ್ದನ್ನು ಅಲ್ಲಿಯ ವೈದ್ಯರು 2023ರಲ್ಲಿ ಬೆಳಕಿಗೆ ತಂದರು. ಮುಖ ಬೆಳಗಿಸಲು ಹೋಗಿ ಮೂತ್ರಪಿಂಡ ಕಳೆದುಕೊಳ್ಳುವ ವ್ಯಾಪಾರ ಯಾರಿಗೂ ಬೇಡ. ನಮ್ಮ ಬಿಸಿಲಿನಲ್ಲಿ ಕಪ್ಪಗಿರುವ ಚರ್ಮ ರೋಗವಲ್ಲ, ಅದು ರಕ್ಷಣೆ.

ಮೊಡವೆಗೆ ಒಳ್ಳೆಯ ಔಷಧಗಳಿವೆ. ಬೆಂಜೋಯಿಲ್ ಪೆರಾಕ್ಸೈಡ್, ಅಡಾಪಲಿನ್ ಅಂಥವು. ಇವು ಕೆಲಸ ಮಾಡಲು ಆರರಿಂದ ಹನ್ನೆರಡು ವಾರ ಬೇಕು. ಮೊದಲಲ್ಲಿ ಸ್ವಲ್ಪ ಉರಿ, ಸಿಪ್ಪೆ ಏಳುವುದು ಸಹಜ. ಅಡಾಪಲಿನ್ ರಾತ್ರಿ ಹಚ್ಚುವುದು ರೂಢಿ, ಗರ್ಭಿಣಿಯರಿಗೆ ಅದು ಬೇಡ. ಬೆಂಜೋಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತದೆ. ನೇಯ್ದವರ ಮನೆಯಲ್ಲಿ ಬಣ್ಣದ ಸೀರೆಯ ಬಳಿ ಅದನ್ನು ಹಚ್ಚಿದ ಕೈ ಹೋಗದಂತೆ ನೋಡಿಕೊಳ್ಳಬೇಕು.

ಎಷ್ಟು ಹಚ್ಚಬೇಕು?

ಕೆಲವರು ರೊಟ್ಟಿಗೆ ಬೆಣ್ಣೆ ಸವರಿದಂತೆ ದಪ್ಪಗೆ ಬಳಿಯುತ್ತಾರೆ, ಕೆಲವರು ಟ್ಯೂಬ್ ಖಾಲಿಯಾದೀತೆಂದು ಚುಕ್ಕೆ ಇಡುತ್ತಾರೆ. ಎರಡೂ ಸರಿಯಲ್ಲ. ಇದಕ್ಕೊಂದು ಸುಲಭ ಅಳತೆಯನ್ನು 1991ರಲ್ಲಿ ಬ್ರಿಟನ್ನಿನ ಲಾಂಗ್ ಮತ್ತು ಫಿನ್ಲೆ ಎಂಬ ವೈದ್ಯರು ಕೊಟ್ಟರು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಎಳೆದ ಮುಲಾಮಿನ ಎಳೆಯೇ ಒಂದು 'ಬೆರಳತುದಿ ಅಳತೆ'. ಅದರ ತೂಕ ಸುಮಾರು ಅರ್ಧ ಗ್ರಾಂ. ಬೆರಳು ಸೇರಿದ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ದೊಡ್ಡವರ ಮುಖ ಮತ್ತು ಕುತ್ತಿಗೆಗೆ ಎರಡೂವರೆ ಅಳತೆ, ಒಂದು ಹಸ್ತಕ್ಕೆ ಒಂದು, ಒಂದು ಪಾದಕ್ಕೆ ಎರಡು, ಒಂದು ಕಾಲಿಗೆ ಆರು ಅಳತೆ ಬೇಕಾಗುತ್ತದೆ.

ವಿದ್ಯಾರ್ಥಿಗಳು ಇದನ್ನೊಂದು ಲೆಕ್ಕವಾಗಿ ಬಿಡಿಸಬಹುದು. ಎರಡು ಅಂಗೈಯಷ್ಟು ಗಜಕರ್ಣಕ್ಕೆ ದಿನಕ್ಕೆ ಎರಡು ಸಲ ಹಚ್ಚಿದರೆ ದಿನಕ್ಕೆ ಒಂದು ಗ್ರಾಂ. 15 ಗ್ರಾಮಿನ ಟ್ಯೂಬ್ 15 ದಿನಕ್ಕೆ ಮುಗಿಯುತ್ತದೆ. ವೈದ್ಯರು ಒಂದು ತಿಂಗಳು ಹಚ್ಚಲು ಹೇಳಿದ್ದರೆ ಎರಡು ಟ್ಯೂಬ್ ಬೇಕು. ಒಂದೇ ಟ್ಯೂಬ್ ಮೂರು ತಿಂಗಳು ಬಂತೆಂದರೆ ಔಷಧ ಸಾಲದಾಯಿತೆಂದೇ ಅರ್ಥ. ಹಾಗೆಯೇ ಕ್ಲೊಬೆಟಾಸೋಲ್‌ನಂಥ ಅತಿ ಪ್ರಬಲ ಸ್ಟೀರಾಯ್ಡನ್ನು ದೊಡ್ಡವರೂ ಒಟ್ಟಿಗೆ ಎರಡು ವಾರಕ್ಕಿಂತ ಹೆಚ್ಚು ದಿನ, ವಾರಕ್ಕೆ 50 ಗ್ರಾಮಿಗಿಂತ ಹೆಚ್ಚು ಬಳಸಬಾರದೆಂಬ ಮಿತಿ ಇದೆ.

ಕಜ್ಜಿಗೆ ಮನೆಮಂದಿಗೆಲ್ಲ ಒಂದೇ ದಿನ

ಬೆರಳ ಸಂದು, ಮಣಿಕಟ್ಟು, ಹೊಕ್ಕಳ ಸುತ್ತ ಗುಳ್ಳೆಗಳೆದ್ದು ರಾತ್ರಿ ತುರಿಕೆ ಹೆಚ್ಚಾದರೆ, ಮನೆಯಲ್ಲಿ ಇನ್ನೊಬ್ಬರಿಗೂ ಹಾಗೇ ಇದ್ದರೆ ಅದು ಕಜ್ಜಿ ಇರಬಹುದು. ಚರ್ಮದಲ್ಲಿ ಬಿಲ ತೋಡುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಇದಕ್ಕೆ ಕಾರಣ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. ಹಾಸ್ಟೆಲುಗಳಲ್ಲಿ, ಒಂದೇ ಕೋಣೆಯಲ್ಲಿ ಹಲವರು ಮಲಗುವ ಮನೆಗಳಲ್ಲಿ ಇದು ಬೇಗ ಹರಡುತ್ತದೆ.

ಪರ್ಮೆಥ್ರಿನ್ 5 ಶೇಕಡಾ ಕ್ರೀಮನ್ನು ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ, ಗುಳ್ಳೆ ಇಲ್ಲದ ಕಡೆಯೂ, ಉಗುರಿನ ಕೆಳಗೂ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ವೈದ್ಯರ ಸಲಹೆಯಂತೆ ಒಂದೆರಡು ವಾರ ಬಿಟ್ಟು ಇನ್ನೊಮ್ಮೆ. ಮುಖ್ಯ ಮಾತೆಂದರೆ ತುರಿಕೆ ಇರಲಿ ಇಲ್ಲದಿರಲಿ ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಬೇಕು. ಒಬ್ಬರು ಬಿಟ್ಟರೂ ಅವರಿಂದ ಮತ್ತೆ ಎಲ್ಲರಿಗೂ. ಎಳೆಗೂಸು, ಬಸುರಿ ಹೆಂಗಸು ಇದ್ದರೆ ಮೊದಲೇ ವೈದ್ಯರಿಗೆ ಹೇಳಬೇಕು. ನುಸಿ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ. ಔಷಧ ತಾಗಲಿಲ್ಲವೆಂದು ದಿನಾ ಹಚ್ಚಿದರೆ ಚರ್ಮ ಉರಿದು ತುರಿಕೆ ಹೆಚ್ಚುತ್ತದೆ.

ತುರಿಕೆ ಇಲ್ಲದ ಕಲೆ

ತುರಿಸುವ ಕಲೆಗೆ ಜನ ಗಮನ ಕೊಡುತ್ತಾರೆ, ತುರಿಸದ ಕಲೆಯನ್ನು ಮರೆಯುತ್ತಾರೆ. ಸುತ್ತಲ ಚರ್ಮಕ್ಕಿಂತ ತಿಳಿಯಾದ ಅಥವಾ ಕೆಂಪಾದ ಮಚ್ಚೆ, ಅದರ ಮೇಲೆ ಮುಟ್ಟಿದರೆ, ಬಿಸಿ ತಾಗಿದರೆ ಗೊತ್ತಾಗದಿರುವುದು ಕುಷ್ಠರೋಗದ ಲಕ್ಷಣವಾಗಿರಬಹುದು. ಇದಕ್ಕೆ ಮುಲಾಮು ಹಚ್ಚಿ ಕಾಯುವುದೆಂದರೆ ನರಗಳು ಹಾಳಾಗಲು ಸಮಯ ಕೊಟ್ಟಂತೆ. ಬಹುಔಷಧ ಚಿಕಿತ್ಸೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಬೇಗ ಆರಂಭಿಸಿದರೆ ರೋಗ ಪೂರ್ತಿ ಗುಣವಾಗುತ್ತದೆ, ಅಂಗವಿಕಲತೆ ಬರುವುದಿಲ್ಲ. ಎಲ್ಲ ತಿಳಿ ಮಚ್ಚೆಯೂ ಕುಷ್ಠವಲ್ಲ. ಚಿಬ್ಬು, ತೊನ್ನು, ಮಕ್ಕಳ ಕೆನ್ನೆಯ ಒಣಕಲೆಗಳೂ ಹೀಗೆ ಕಾಣುತ್ತವೆ. ತೀರ್ಮಾನ ವೈದ್ಯರದು.

ಮನೆಮದ್ದಿನ ಮಿತಿ

ಸ್ನಾನವಾದ ಕೂಡಲೇ, ಮೈ ಇನ್ನೂ ತುಸು ತೇವವಿರುವಾಗ ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚುವುದು ಒಣಚರ್ಮಕ್ಕೆ ಒಳ್ಳೆಯದು. ಬಣ್ಣದ ಕೆಲಸ ಮಾಡುವವರು ಕೈಗವಸು ಹಾಕಿ, ಕೆಲಸ ಮುಗಿದ ಮೇಲೆ ಮೆದು ಸಾಬೂನಿನಿಂದ ತೊಳೆದು ಇದನ್ನು ಹಚ್ಚಿಕೊಂಡರೆ ಅರ್ಧ ಕಷ್ಟ ಕಡಿಮೆ. ಆದರೆ ಇಂಥ ಜಿಡ್ಡು ಮೆತ್ತಿದ ಬಟ್ಟೆ ಬೇಗ ಬೆಂಕಿ ಹಿಡಿಯುತ್ತದೆ. ಒಲೆಯ ಮುಂದೆ, ಬೆಲ್ಲದ ಗಾಣದ ಬಳಿ ಎಚ್ಚರ ಬೇಕು.

ಬೆಳ್ಳುಳ್ಳಿ ಅರೆದು ಕಟ್ಟಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಕಪ್ಪು ಕಲೆ ಬೀಳುತ್ತದೆ. ಕೇರುಬೀಜದ ಎಣ್ಣೆ ತಾಗಿದರೆ ಹುಣ್ಣೇ ಆಗುತ್ತದೆ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟು, ಶಾಯಿ ಹಚ್ಚುವ ಬದಲು ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯ ಎಂದಲ್ಲ.

ತಾಯಿತಂದೆಯರಿಗೆ

ಇಷ್ಟೆಲ್ಲ ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹದಿನಾರರ ಹುಡುಗ ಆರು ತಿಂಗಳು ಗುಟ್ಟಾಗಿ ಟ್ಯೂಬ್ ಹಚ್ಚಿಕೊಂಡದ್ದೇಕೆ? ತುರಿಕೆ ಇದ್ದದ್ದು ಹೇಳಿಕೊಳ್ಳಲಾಗದ ಜಾಗದಲ್ಲಿ. ಅಪ್ಪನಿಗೆ ಹೇಳಿದರೆ ಬೈಗುಳ, ಅವ್ವನಿಗೆ ಹೇಳಲು ನಾಚಿಕೆ, ಗೆಳೆಯರಿಗೆ ಗೊತ್ತಾದರೆ ನಗೆಪಾಟಲು. ಅಂಗಡಿಯವನೊಬ್ಬನೇ ಏನೂ ಕೇಳದೆ ಕೊಡುವವನು. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಮುಟ್ಟಿನ ದಿನಗಳ ಒದ್ದೆಯಿಂದ ಬಂದ ತುರಿಕೆಯನ್ನು ಅವರು ಯಾರಿಗೂ ಹೇಳದೆ ಸಹಿಸುತ್ತಾರೆ.

ಗಜಕರ್ಣ ಬರುವುದು ನಡತೆ ಕೆಟ್ಟದ್ದರಿಂದಲ್ಲ, ಬೆವರಿನಿಂದ. ಕಜ್ಜಿ ಬರುವುದು ಕೊಳಕು ಮನೆತನದಿಂದಲ್ಲ, ಜೊತೆಗೆ ಮಲಗಿದ್ದರಿಂದ. ಈ ಎರಡು ಮಾತನ್ನು ಮನೆಯಲ್ಲಿ ಊಟದ ಹೊತ್ತಿಗೆ ಒಮ್ಮೆ ಸಹಜವಾಗಿ ಆಡಿಬಿಟ್ಟರೆ ಮಕ್ಕಳ ಬಾಯಿ ತೆರೆಯುತ್ತದೆ. "ಎಲ್ಲೆರ ತುರಿಕಿ ಐತೇನೋ? ಇದ್ರ ಹೇಳು, ಡಾಕ್ಟರ್ ಕಡೆ ಹೋಗೂಣು" ಎನ್ನುವ ಒಂದು ಮಾತು ಹತ್ತು ಟ್ಯೂಬಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಜಮಖಂಡಿ, ಮುಧೋಳ, ಬೀಳಗಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಇವೆ. ಒಂದು ದಿನದ ಕೂಲಿ ಹೋದೀತೆಂದು ಮುಂದೂಡಿದರೆ ಮುಂದೆ ಟ್ಯೂಬುಗಳಿಗೆ ಹೋಗುವ ಹಣ ಅದಕ್ಕಿಂತ ಹೆಚ್ಚು.

ಕಾನೂನೂ ಈಗ ಜೊತೆಗಿದೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟೀರಾಯ್ಡ್‌ಗಳ ಚರ್ಮದ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ 'ಎಚ್' ಅನುಸೂಚಿಗೆ ತಂದಿತು. ಇದಕ್ಕಾಗಿ ಭಾರತೀಯ ಚರ್ಮರೋಗ ತಜ್ಞರ ಸಂಘ ವರ್ಷಗಟ್ಟಲೆ ಒತ್ತಾಯ ಮಾಡಿತ್ತು. ಚೀಟಿ ಕೇಳಿದ ಅಂಗಡಿಯವನ ಮೇಲೆ ಸಿಟ್ಟಾಗಬಾರದು. ಅವನು ಗಿರಾಕಿಯ ಹಿತವನ್ನೇ ಮಾಡುತ್ತಿದ್ದಾನೆ.

ನೆನಪಿಡಬೇಕಾದವು

• ಹೆಸರು ಗೊತ್ತಿಲ್ಲದ ರೋಗಕ್ಕೆ ಹೆಸರು ಗೊತ್ತಿಲ್ಲದ ಮುಲಾಮು ಬೇಡ. ಎರಡು ವಾರದಲ್ಲಿ ಗುಣ ಕಾಣದಿದ್ದರೆ, ಹಚ್ಚಿದಾಗ ಹೆಚ್ಚಾದರೆ ವೈದ್ಯರಿಗೆ ತೋರಿಸಬೇಕು.

• ಒಬ್ಬರಿಗೆ ಬರೆದ ಟ್ಯೂಬ್ ಇನ್ನೊಬ್ಬರಿಗೆ ಬೇಡ. ಒಂದು ಜಾಗಕ್ಕೆ ಬರೆದದ್ದು ಇನ್ನೊಂದು ಜಾಗಕ್ಕೂ ಬೇಡ.

• ಮುಖ, ಕಣ್ಣಿನ ಸುತ್ತ, ತೊಡೆಸಂದು, ಮಕ್ಕಳ ಮೈ ಇವಕ್ಕೆ ವೈದ್ಯರು ಹೇಳದ ಸ್ಟೀರಾಯ್ಡ್ ಖಂಡಿತ ಸಲ್ಲದು.

• ಹೊಸ ಕ್ರೀಮನ್ನು ಮೊದಲು ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಎರಡು ಮೂರು ದಿನ ನೋಡಬೇಕು.

• ಹಚ್ಚುವ ಮುಂಚೆ, ಹಚ್ಚಿದ ಮೇಲೆ ಕೈ ತೊಳೆಯಬೇಕು. ಅವಧಿ ಮುಗಿದ ದಿನಾಂಕ ನೋಡಬೇಕು. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ, ಕಿಟಕಿಯ ಬಿಸಿಲಲ್ಲಿ ಟ್ಯೂಬ್ ಇಟ್ಟರೆ ಔಷಧ ಕೆಡುತ್ತದೆ.

• ವೈದ್ಯರ ಬಳಿ ಹೋಗುವಾಗ ಅಲ್ಲಿಯವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ, ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಯಾವುದನ್ನೂ ಮುಚ್ಚಿಡಬಾರದು. ರೋಗದ ಅರ್ಧ ಚರಿತ್ರೆ ಆ ಚೀಲದಲ್ಲೇ ಇರುತ್ತದೆ.